ಹಣದೊಡನೆ ಹೊರಟ ಕುರುಹು

ಒಂದು ರೂಪಾಯಿಗೂ ಇನ್ನೊಂದು ರೂಪಾಯಿಗೂ ಏನು ವ್ಯತ್ಯಾಸ? ಕಾಗದದ ನೋಟಿನ ಮೇಲಾದರೆ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಈ ನೋಟು ಬೇರೆ, ಆ ನೋಟು ಬೇರೆ ಎಂದು ಹೇಳಬಹುದು. ಅದೇ ನೋಟನ್ನು ಬ್ಯಾಂಕಿಗೆ ಕಟ್ಟಿದೊಡನೆ ಆ ಭೇದ ಅಳಿದುಹೋಗುತ್ತದೆ. ಖಾತೆಯಲ್ಲಿ ಉಳಿಯುವುದು ಮೊತ್ತ ಮಾತ್ರ. ಒಂದು ಎಲೆಕ್ಟ್ರಾನನ್ನು ಮತ್ತೊಂದರಿಂದ ಬೇರ್ಪಡಿಸಿ ಗುರುತಿಸಲು ಸಾಧ್ಯವಿಲ್ಲವೆಂದು ಭೌತಶಾಸ್ತ್ರದ ವಿದ್ಯಾರ್ಥಿಗಳು ಓದಿರುತ್ತಾರಷ್ಟೆ. ಬ್ಯಾಂಕಿನ ಖಾತೆಯಲ್ಲಿರುವ ರೂಪಾಯಿಗಳೂ ಬಹುಮಟ್ಟಿಗೆ ಅಂಥವೇ. ಹೀಗಿರುವಲ್ಲಿ, ಸಾವಿರಾರು ಜನ ತಮ್ಮ ಕೈಯ ಫೋನಿನಿಂದಲೇ ಹಣ ಕಟ್ಟುವ ಈ ಕಾಲದಲ್ಲಿ, ಯಾವ ಹಣ ಯಾರದು, ಯಾವುದರ ಬಾಬ್ತು ಬಂದದ್ದು ಎಂಬುದನ್ನು ನಿರ್ಣಯಿಸುವುದು ಹೇಗೆ? ಈ ಪ್ರಶ್ನೆ ನೋಡುವುದಕ್ಕೆ ಸಣ್ಣದು. ಆದರೆ ಇದಕ್ಕೆ ಸರಿಯಾದ ಉತ್ತರ ದೊರೆಯದಿದ್ದರೆ, ಹಣ ಕಟ್ಟಿದ ವಿದ್ಯಾರ್ಥಿಗೂ ಪರೀಕ್ಷೆಯ ಪ್ರವೇಶಪತ್ರ ಸಿಕ್ಕದೆ ಹೋಗಬಹುದು.

ವಿಜಯನಗರದಲ್ಲಿ ೬೦೦ ವಿದ್ಯಾರ್ಥಿಗಳಿರುವ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳೋಣ. ಎಲ್ಲರಿಗೂ ಶುಲ್ಕ ಒಂದೇ, ೧೮,೫೦೦ ರೂಪಾಯಿ. ಕೊನೆಯ ದಿನ ಸಮೀಪಿಸಿತೆಂದು ಒಂದೇ ವಾರದಲ್ಲಿ ಎಲ್ಲರೂ ಹಣ ಕಟ್ಟುತ್ತಾರೆ. ಬ್ಯಾಂಕಿನ ಲೆಕ್ಕದ ಪಟ್ಟಿಯನ್ನು ತೆರೆದು ನೋಡಿದರೆ ೧೮,೫೦೦, ೧೮,೫೦೦, ೧೮,೫೦೦ ಎಂದು ಸಾಲುಸಾಲಾಗಿ ೬೦೦ ನಮೂದುಗಳು. ಕಳುಹಿಸಿದವರ ಹೆಸರು ಇರುತ್ತದಲ್ಲಾ ಎಂದು ಓದುಗರು ಕೇಳಬಹುದು. ಇರುತ್ತದೆ, ಆದರೆ ಅದು ಹಣ ಕಳುಹಿಸಿದವರ ಹೆಸರೇ ಹೊರತು ಓದುವವರ ಹೆಸರಲ್ಲ. ಒಬ್ಬನ ಹಣವನ್ನು ಕೆಂಗೇರಿಯಲ್ಲಿರುವ ಅವನ ತಂದೆ ಕಟ್ಟಿರುತ್ತಾರೆ. ಇನ್ನೊಬ್ಬಳದನ್ನು ಹಾಸನದಲ್ಲಿರುವ ಸೋದರಮಾವ. ಮಂಜುನಾಥ ಎಂಬ ಹೆಸರಿನವರೇ ಹತ್ತು ಮಂದಿ ಇದ್ದರೂ ಆಶ್ಚರ್ಯವಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದುಂಟು. ಒಬ್ಬರು ಅವಸರದಲ್ಲಿ ಎರಡು ಸಲ ಹಣ ಕಟ್ಟಿದರು, ಮತ್ತೊಬ್ಬರು ಕಟ್ಟಲೇ ಇಲ್ಲ ಎಂದು ಭಾವಿಸಿರಿ. ಒಟ್ಟು ಮೊತ್ತವನ್ನು ಕೂಡಿ ನೋಡಿದರೆ ೬೦೦ × ೧೮,೫೦೦, ಅಂದರೆ ೧,೧೧,೦೦,೦೦೦ ರೂಪಾಯಿ. ಒಂದು ಪೈಸೆಯೂ ಹೆಚ್ಚುಕಡಿಮೆಯಿಲ್ಲ. ಮೊತ್ತ ಸರಿಯಾಗಿದೆ, ಆದರೂ ಇಬ್ಬರ ಲೆಕ್ಕ ತಪ್ಪಾಗಿದೆ! ಮೊತ್ತವನ್ನು ಮಾತ್ರ ನೋಡುವ ಲೆಕ್ಕಿಗನಿಗೆ ಈ ತಪ್ಪು ಎಂದಿಗೂ ಕಾಣುವುದಿಲ್ಲ.

ಎರಡು ಪುಸ್ತಕಗಳು

ಈ ತೊಡಕಿನ ಮೂಲ ಎಲ್ಲಿದೆಯೆಂದರೆ, ಒಂದೇ ವ್ಯವಹಾರವನ್ನು ಇಬ್ಬರು ಎರಡು ಬೇರೆ ಬೇರೆ ಪುಸ್ತಕಗಳಲ್ಲಿ ಬರೆದಿಡುತ್ತಾರೆ. ಮೊದಲನೆಯದು ಕಾಲೇಜಿನ ಪುಸ್ತಕ. ಹಿಂದೆ ಇದು ದಪ್ಪ ರಟ್ಟಿನ ಕಿರ್ದಿ, ಖಾತೆಗಳ ರೂಪದಲ್ಲಿತ್ತು. ಈಗ ಗಣಕಯಂತ್ರದಲ್ಲಿ ಡೇಟಾಬೇಸ್ ಎಂಬ ವ್ಯವಸ್ಥಿತ ದಾಖಲೆಗಳ ಭಂಡಾರವಾಗಿದೆ. ವಿದ್ಯಾರ್ಥಿ ಯಾರು, ಯಾವ ತರಗತಿ, ಎಷ್ಟು ಬಾಕಿ ಎಂಬುದು ಇದಕ್ಕೆ ಗೊತ್ತು. ಹಣ ನಿಜವಾಗಿ ಬಂದಿತೇ ಎಂಬುದು ಗೊತ್ತಿಲ್ಲ. ಎರಡನೆಯದು ಹಣವನ್ನು ಸಾಗಿಸುವ ಸಂಸ್ಥೆಯ ಪುಸ್ತಕ. ಎಷ್ಟು ಗಂಟೆಗೆ, ಯಾವ ಮಾರ್ಗವಾಗಿ, ಎಷ್ಟು ಹಣ ಬಂದಿತೆಂಬುದು ಅದಕ್ಕೆ ಗೊತ್ತು. ವಿದ್ಯಾರ್ಥಿಯ ವಿಷಯ ಅದಕ್ಕೆ ಏನೂ ತಿಳಿಯದು. ಪ್ರತಿಯೊಂದು ಪುಸ್ತಕವೂ ತನ್ನ ನಮೂದುಗಳಿಗೆ ತನ್ನದೇ ಸಂಖ್ಯೆಗಳನ್ನು ಕೊಡುತ್ತದೆ. ಒಂದರ ಸಂಖ್ಯೆ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ.

ಎರಡನ್ನೂ ಕೂಡಿಸಲು ಒಂದೇ ದಾರಿ: ಒಂದು ಪುಸ್ತಕದ ಸಂಖ್ಯೆಯನ್ನು ಇನ್ನೊಂದು ಪುಸ್ತಕದಲ್ಲಿಯೂ ಬರೆಯಿಸುವುದು. ಹಿಂದಿನ ಮನಿ ಆರ್ಡರ್ ಫಾರಮಿನ ಅಡಿಯಲ್ಲಿ ನಾಲ್ಕು ಮಾತು ಬರೆಯಲು ಒಂದಿಷ್ಟು ಸ್ಥಳವಿರುತ್ತಿತ್ತು. ಹಣದೊಡನೆ ಆ ಮಾತೂ ಹಳ್ಳಿಯ ಮನೆಗೆ ತಲುಪುತ್ತಿತ್ತು. ಅಂಚೆಯವರಿಗೆ ಆ ಮಾತಿನಿಂದ ಪ್ರಯೋಜನವಿರಲಿಲ್ಲ. ಹಣ ಪಡೆದವರಿಗೆ ಮಾತ್ರ ಅದರ ಅರ್ಥ ತಿಳಿಯುತ್ತಿತ್ತು. ಇಂದಿನ ಗಣಕಯಂತ್ರಗಳ ಪಾವತಿಯಲ್ಲಿಯೂ ಇಂಥದೇ ಸ್ಥಳವೊಂದನ್ನು ಬಿಟ್ಟಿರುತ್ತಾರೆ.

ಕುರುಹಿನ ಪಯಣ

ಕಾಲೇಜಿನ ಗಣಕವೂ ಪಾವತಿ ಸಂಸ್ಥೆಯ ಗಣಕವೂ ಪರಸ್ಪರ ಮಾತನಾಡಬೇಕಾದರೆ ಯಾವ ಪ್ರಶ್ನೆಯನ್ನು ಯಾವ ಕ್ರಮದಲ್ಲಿ ಕೇಳಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂಬುದು ಮೊದಲೇ ಗೊತ್ತಾಗಿರಬೇಕು. ಈ ಗೊತ್ತಾದ ಸಂವಾದಕ್ರಮಕ್ಕೆ ಎ.ಪಿ.ಐ. ಎಂದು ಹೆಸರು. ನಮ್ಮ ಬೆಂಗಳೂರಿನಲ್ಲಿಯೇ ಕೇಂದ್ರಕಚೇರಿಯನ್ನು ಹೊಂದಿ, ೨೦೧೪ರಲ್ಲಿ ಸ್ಥಾಪಿತವಾದ ರೇಜರ್‌ಪೇ ಸಂಸ್ಥೆಯ ಕ್ರಮವನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳಬಹುದು.

ವಿದ್ಯಾರ್ಥಿಯು ಶುಲ್ಕ ಕಟ್ಟುವ ಗುಂಡಿಯನ್ನು ಒತ್ತಿದೊಡನೆ ಕಾಲೇಜಿನ ಗಣಕವು ಮೊದಲು ತನ್ನ ಪುಸ್ತಕದಲ್ಲಿ ಒಂದು ಬೇಡಿಕೆಯನ್ನು ಬರೆದುಕೊಂಡು ಅದಕ್ಕೊಂದು ಕುರುಹನ್ನು ಕೊಡುತ್ತದೆ. ಅನಂತರ ರೇಜರ್‌ಪೇ ಗಣಕಕ್ಕೆ 'ಆರ್ಡರ್' ಎಂಬ ಕೋರಿಕೆಯನ್ನು ಕಳುಹಿಸುತ್ತದೆ. ಅದರಲ್ಲಿ ಮೊತ್ತವನ್ನು ಪೈಸೆಗಳಲ್ಲಿ ಬರೆಯಬೇಕು. ೧೮,೫೦೦ ರೂಪಾಯಿಯೆಂದರೆ ೧೮,೫೦,೦೦೦ ಪೈಸೆ. ದಶಮಾಂಶ ಬಿಂದುವಿನ ಗೊಂದಲ ಇದರಿಂದ ತಪ್ಪುತ್ತದೆ. ಜೊತೆಗೆ 'ರಸೀತಿ' ಎಂಬ ಒಂದು ಅಂಕಣವುಂಟು. ಕಳುಹಿಸುವವರು ತಮ್ಮ ಕುರುಹನ್ನು ೪೦ ಅಕ್ಷರಗಳ ಮಿತಿಯಲ್ಲಿ ಅದರೊಳಗೆ ಬರೆಯಬಹುದು. 'ನೋಟ್ಸ್' ಎಂಬ ಮತ್ತೊಂದು ಅಂಕಣದಲ್ಲಿ ಹೆಸರು ಮತ್ತು ಬೆಲೆಗಳ ೧೫ ಜೋಡಿಗಳವರೆಗೆ, ಒಂದೊಂದೂ ೨೫೬ ಅಕ್ಷರ ಮೀರದಂತೆ, ಟಿಪ್ಪಣಿಗಳನ್ನು ಸೇರಿಸಬಹುದು. ಅಮೆರಿಕದ ಸ್ಟ್ರೈಪ್ ಎಂಬ ಸಂಸ್ಥೆಯಲ್ಲಿಯೂ ಇಂಥ ಅಂಕಣವಿದೆ. ಅದರಲ್ಲಿ ೫೦ ಜೋಡಿಗಳಿಗೆ ಅವಕಾಶ.

ಕೋರಿಕೆಗೆ ಉತ್ತರವಾಗಿ ಪಾವತಿ ಸಂಸ್ಥೆಯು ತನ್ನದೇ ಆದ ಒಂದು ಆರ್ಡರ್ ಸಂಖ್ಯೆಯನ್ನು ಕೊಡುತ್ತದೆ. ಕಾಲೇಜು ಇದನ್ನೂ ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಈಗ ಅಲ್ಲಿಯ ಪುಸ್ತಕದಲ್ಲಿ ಇಲ್ಲಿಯ ಕುರುಹು, ಇಲ್ಲಿಯ ಪುಸ್ತಕದಲ್ಲಿ ಅಲ್ಲಿಯ ಸಂಖ್ಯೆ. ಗಂಟು ಎರಡು ಕಡೆಯಿಂದಲೂ ಬಿದ್ದಿತು. ವಿದ್ಯಾರ್ಥಿಯ ಮೊದಲ ಪ್ರಯತ್ನ ವಿಫಲವಾಗಿ ಅವನು ಎರಡನೆಯ ಸಲ ಪ್ರಯತ್ನಿಸಿದರೆ ಪ್ರತಿಯೊಂದು ಪ್ರಯತ್ನಕ್ಕೂ ಬೇರೆ ಬೇರೆ ಪಾವತಿ ಸಂಖ್ಯೆ ದೊರೆಯುತ್ತದೆ. ಆದರೆ ಎಲ್ಲವೂ ಒಂದೇ ಆರ್ಡರಿನ ಕೆಳಗೆ ನಿಲ್ಲುತ್ತವೆ.

ಹಣ ಸಂದಾಯವಾದೊಡನೆ ಪಾವತಿ ಸಂಸ್ಥೆಯ ಗಣಕವು ತಾನಾಗಿಯೇ ಕಾಲೇಜಿನ ಗಣಕಕ್ಕೆ ವಾರ್ತೆ ಕಳುಹಿಸುತ್ತದೆ. ಇದನ್ನು ವೆಬ್‌ಹುಕ್ ಎನ್ನುತ್ತಾರೆ. ವಾರ್ತೆ ನಿಜವಾಗಿ ಆ ಸಂಸ್ಥೆಯಿಂದಲೇ ಬಂದದ್ದೆಂದು ತಿಳಿಯಲು ಇಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟಿನ ಪದವೊಂದರ ನೆರವಿನಿಂದ ಗಣಿತದ ಸಹಿಯೊಂದನ್ನು ಅದರೊಡನೆ ಕಳುಹಿಸಿರುತ್ತಾರೆ. ವಾರ್ತೆ ತಲುಪಿತೆಂಬ ಮರುದನಿ ಬಾರದಿದ್ದರೆ ಅದೇ ವಾರ್ತೆಯನ್ನು ಮತ್ತೆ ಕಳುಹಿಸುವುದುಂಟು. ಕಾಲೇಜಿನ ಗಣಕವು ಬಂದಷ್ಟು ಸಲವೂ ಜಮಾ ಬರೆಯುತ್ತ ಹೋದರೆ ಅನರ್ಥ! ಆದ್ದರಿಂದ ಅದು ಮೊದಲು ಕುರುಹನ್ನು ನೋಡಿ, ಈ ಬೇಡಿಕೆಯ ಮುಂದೆ ಇದೇ ಪಾವತಿ ಆಗಲೇ ಜಮಾ ಆಗಿದ್ದರೆ ಸುಮ್ಮನಾಗಬೇಕು. ಋಣಸಂಖ್ಯೆಯ ಚಿಹ್ನೆಯನ್ನು ತೆಗೆದುಹಾಕಿ ನಿರಪೇಕ್ಷ ಬೆಲೆಯನ್ನು ಪಡೆಯುವ ಕ್ರಿಯೆ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದು. ಆ ಕ್ರಿಯೆಯನ್ನು ಒಮ್ಮೆ ಮಾಡಿದರೂ ಹತ್ತು ಸಲ ಮಾಡಿದರೂ ಫಲ ಒಂದೇ. ಜಮಾ ಬರೆಯುವ ಕೆಲಸವೂ ಅಂಥ ಗುಣವನ್ನು ಪಡೆಯಬೇಕು. ಕುರುಹಿಲ್ಲದೆ ಅದು ಅಸಾಧ್ಯ.

ಸೀಸದ ಜಾಡು

ವಿಜ್ಞಾನದ ಇತಿಹಾಸದಲ್ಲಿ ಇದಕ್ಕೆ ಸೊಗಸಾದ ಹೋಲಿಕೆಯೊಂದಿದೆ. ಗಿಡವು ಬೇರಿನಿಂದ ಹೀರಿದ ಲವಣ ಎಲ್ಲೆಲ್ಲಿಗೆ ಹೋಗುತ್ತದೆಂದು ಕಂಡುಹಿಡಿಯುವುದು ಹೇಗೆ? ಗಿಡದೊಳಗೆ ಮೊದಲೇ ಇದ್ದ ಪರಮಾಣುವಿಗೂ ಹೊಸದಾಗಿ ಬಂದದ್ದಕ್ಕೂ ರೂಪದಲ್ಲಿ ವ್ಯತ್ಯಾಸವಿಲ್ಲ. ಹಂಗೇರಿಯ ವಿಜ್ಞಾನಿ ಜಾರ್ಜ್ ಡಿ ಹೆವೆಸಿ ೧೯೨೩ರಲ್ಲಿ ಹುರುಳಿಯ ಜಾತಿಯ ಗಿಡದ ಬೇರುಗಳನ್ನು ಸೀಸದ ಲವಣದ ದ್ರಾವಣದಲ್ಲಿ ಇರಿಸಿದರು. ಆ ಸೀಸದಲ್ಲಿ ವಿಕಿರಣ ಸೂಸುವ ಸೀಸದ ಪರಮಾಣುಗಳನ್ನು ಬೆರೆಸಿದ್ದರು. ಅನಂತರ ಬೇರು, ಕಾಂಡ, ಎಲೆಗಳ ವಿಕಿರಣವನ್ನು ಅಳೆದು ಸೀಸ ಎಲ್ಲೆಲ್ಲಿ, ಎಷ್ಟೆಷ್ಟು ಸೇರಿದೆಯೆಂಬುದನ್ನು ಲೆಕ್ಕ ಹಾಕಿದರು. ಈ ಜಾಡು ಹಿಡಿಯುವ ವಿಧಾನಕ್ಕಾಗಿ ಅವರಿಗೆ ೧೯೪೩ನೆಯ ವರ್ಷದ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಆ ವಿಧಾನ ಫಲಿಸಲು ಮೂರು ಅಂಶಗಳು ಸೇರಬೇಕು. ಕುರುಹನ್ನು ಪಯಣಕ್ಕೆ ಮೊದಲೇ ಬೆರೆಸಿರಬೇಕು. ಗಿಡದೊಳಕ್ಕೆ ಸೇರಿಹೋದ ಸೀಸಕ್ಕೆ ಆಮೇಲೆ ಗುರುತು ಹಾಕಲಾಗದು. ಕುರುಹು ಪಯಣವನ್ನು ಬದಲಿಸಬಾರದು. ವಿಕಿರಣ ಸೂಸುವ ಸೀಸ ರಾಸಾಯನಿಕವಾಗಿ ಸಾಧಾರಣ ಸೀಸದಂತೆಯೇ ವರ್ತಿಸಬೇಕು. ಕಡೆಯದಾಗಿ, ತಲುಪಿದ ಎಡೆಯಲ್ಲಿ ಅದನ್ನು ಓದಲು ಬರಬೇಕು. ಪಾವತಿಯ ಕುರುಹಿಗೂ ಈ ಮೂರೂ ನಿಯಮಗಳು ಅಕ್ಷರಶಃ ಅನ್ವಯಿಸುತ್ತವೆ. ಹಣ ಬಂದ ಮೇಲೆ ಹೆಸರು, ವೇಳೆ, ಮೊತ್ತಗಳನ್ನು ನೋಡಿ ಯಾರದಿರಬಹುದೆಂದು ಊಹಿಸುವುದು, ಎಲೆಯನ್ನು ಕಣ್ಣಿನಿಂದ ನೋಡಿ ಸೀಸದ ಪ್ರಮಾಣ ಹೇಳಿದ ಹಾಗೆ.

ಅಂಗಡಿಯ ಚೌಕದ ಚಿತ್ರ

ಬಸವೇಶ್ವರನಗರದ ಯಾವ ದಿನಸಿ ಅಂಗಡಿಯ ಮುಂದೆ ನಿಂತರೂ ಕಪ್ಪು ಬಿಳುಪು ಚೌಕಗಳ ಕ್ಯೂ.ಆರ್. ಚಿತ್ರ ಕಣ್ಣಿಗೆ ಬೀಳುತ್ತದೆ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ೨೦೦೮ರಲ್ಲಿ ಸ್ಥಾಪನೆಯಾಯಿತು. ಅದು ರೂಪಿಸಿದ ಯು.ಪಿ.ಐ. ಪದ್ಧತಿ ೨೦೧೬ರಲ್ಲಿ ಬಳಕೆಗೆ ಬಂದಿತು. ಆ ಚೌಕದ ಚಿತ್ರದೊಳಗೆ ಅಡಗಿರುವುದು ಒಂದು ಸಾಲಿನ ಬರಹ: ಹಣ ಪಡೆಯುವವರ ವಿಳಾಸ, ಹೆಸರು, ಬೇಕಾದರೆ ಮೊತ್ತ, ಬೇಕಾದರೆ ಒಂದು ವ್ಯವಹಾರದ ಕುರುಹು. ಅಂಗಡಿಯ ಗೋಡೆಗೆ ಅಂಟಿಸಿದ ಚಿತ್ರ ಎಲ್ಲ ಗಿರಾಕಿಗಳಿಗೂ ಒಂದೇ ಆದುದರಿಂದ ಅದರಲ್ಲಿ ಇಂಥ ಬಿಲ್ಲಿನ ಹಣವೆಂಬ ಕುರುಹಿಗೆ ಎಡೆಯಿಲ್ಲ. ಅಂಗಡಿಯವರಿಗೆ ಅದರಿಂದ ತೊಂದರೆಯೂ ಇಲ್ಲ; ಗಿರಾಕಿ ಎದುರಿಗೇ ನಿಂತಿರುತ್ತಾನೆ. ಎದುರಿಗಿಲ್ಲದ ಗಿರಾಕಿಯಿಂದ ಹಣ ಪಡೆಯುವ ಸಂಸ್ಥೆಗಳು ಪ್ರತಿಯೊಂದು ಬಿಲ್ಲಿಗೂ ಹೊಸ ಚಿತ್ರವನ್ನೇ ಬರೆದು ಅದರೊಳಗೆ ಆ ಬಿಲ್ಲಿನ ಕುರುಹನ್ನು ಅಡಗಿಸುತ್ತವೆ.

ಹಣ ಸಂದ ಮೇಲೆ ನಮ್ಮ ಫೋನಿನಲ್ಲಿ ೧೨ ಅಂಕಿಗಳ ಒಂದು ಸಂಖ್ಯೆ ಕಾಣುತ್ತದಷ್ಟೆ. ಇದು ಪಾವತಿಯ ಜಾಲವೇ ಕೊಟ್ಟ ಸಂಖ್ಯೆ. ಹಣ ಇಲ್ಲಿಂದ ಅಲ್ಲಿಗೆ ಹೋಯಿತೆಂಬುದಕ್ಕೆ ಇದು ಸಾಕ್ಷಿ. ಏತಕ್ಕಾಗಿ ಹೋಯಿತೆಂಬುದಕ್ಕೆ ಸಾಕ್ಷಿಯಲ್ಲ. ಈ ಭೇದವನ್ನು ಮರೆಯಬಾರದು. ವ್ಯಾಪಾರಿ ಅಥವಾ ಸಂಸ್ಥೆಗೆ ಯು.ಪಿ.ಐ. ಮೂಲಕ ಹಣ ಕಟ್ಟುವಾಗ ನಮ್ಮ ಖಾತೆಯಿಂದ ಹಣ ಕಳೆದು, ಆ ಕಡೆಗೆ ದೃಢೀಕರಣ ತಲುಪದಿದ್ದರೆ, ವ್ಯವಹಾರದ ದಿನವನ್ನು ಬಿಟ್ಟು ೫ ದಿನಗಳೊಳಗಾಗಿ ಹಣ ತಾನಾಗಿ ಹಿಂತಿರುಗಬೇಕೆಂದೂ ತಡವಾದರೆ ದಿನಕ್ಕೆ ೧೦೦ ರೂಪಾಯಿಯಂತೆ ಪರಿಹಾರ ಸಲ್ಲಬೇಕೆಂದೂ ರಿಸರ್ವ್ ಬ್ಯಾಂಕು ೨೦೧೯ರ ಸೆಪ್ಟೆಂಬರಿನಲ್ಲಿ ವಿಧಿಸಿತು. ಆದರೆ ಹಣವೂ ದೃಢೀಕರಣವೂ ತಲುಪಿ, ಕುರುಹು ಮಾತ್ರ ತಪ್ಪಿದ್ದರೆ? ಬ್ಯಾಂಕಿನ ದೃಷ್ಟಿಯಲ್ಲಿ ಆ ವ್ಯವಹಾರ ಸಫಲ. ಹಣ ಕಟ್ಟಿದವನು ಬಾಕಿದಾರನಾಗಿಯೇ ಉಳಿಯುತ್ತಾನೆ.

ಕುರುಹು ಯಾವುದರದು?

ಕುರುಹನ್ನು ಕೊಡುವ ಮೊದಲು ಅದು ಯಾವ ವಸ್ತುವಿಗೆ ಸೇರಿದ್ದೆಂಬುದನ್ನು ತೀರ್ಮಾನಿಸಬೇಕು. ಇದಕ್ಕೆ ಎಲ್ಲರ ಮನೆಯಲ್ಲಿಯೂ ಇರುವ ವಿದ್ಯುತ್ ಬಿಲ್ಲನ್ನು ನೋಡಬಹುದು. ೨೦೦೨ರಲ್ಲಿ ಆರಂಭವಾದ ಬೆಸ್ಕಾಂ, ಅಂದರೆ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯ ಬಿಲ್ಲಿನಲ್ಲಿ ಆರ್.ಆರ್. ಸಂಖ್ಯೆ ಎಂಬುದೊಂದಿದೆ, ಕಂದಾಯದ ರಿಜಿಸ್ಟರ್ ಪುಸ್ತಕದ ಕಾಲದಿಂದ ಉಳಿದುಬಂದ ಹೆಸರು ಅದು. ಅದರ ಜೊತೆಗೆ ೧೦ ಅಂಕಿಗಳ ಖಾತೆ ಸಂಖ್ಯೆಯೂ ಇರುತ್ತದೆ. ಎರಡೂ ಮನೆಯ ವಿದ್ಯುತ್ ಸ್ಥಾವರಕ್ಕೆ ಸೇರಿದವು, ಮನೆಯಲ್ಲಿ ವಾಸಿಸುವವರಿಗಲ್ಲ. ಆದುದರಿಂದಲೇ ರಾಜಾಜಿನಗರದ ಮನೆಯ ಬಿಲ್ಲನ್ನು ದೂರದ ಊರಿನಲ್ಲಿರುವ ಮಗಳು ತನ್ನ ಫೋನಿನಿಂದ ಕಟ್ಟಬಹುದು. ಹಣ ಯಾರಿಂದ ಬಂದರೂ ಖಾತೆ ಸಂಖ್ಯೆಯ ಜಾಡು ಹಿಡಿದು ಅದೇ ಸ್ಥಾವರಕ್ಕೆ ಜಮಾ ಆಗುತ್ತದೆ.

೨೦೨೩ರ ಜುಲೈಯಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಾಗ ಈ ವಿಚಾರಕ್ಕೆ ಹೊಸ ಮುಖವೊಂದು ಕಾಣಿಸಿಕೊಂಡಿತು. ತಿಂಗಳಿಗೆ ೨೦೦ ಯೂನಿಟ್‌ಗಳ ಮಿತಿಯೊಳಗೆ ಉಚಿತ ವಿದ್ಯುತ್ತನ್ನು ಪಡೆಯಲು ಸೇವಾ ಸಿಂಧು ಜಾಲತಾಣದಲ್ಲಿ ಮನೆಯ ಖಾತೆ ಸಂಖ್ಯೆಯನ್ನು ವಾಸಿಸುವವರ ಆಧಾರ್ ಸಂಖ್ಯೆಯೊಡನೆ ಜೋಡಿಸಬೇಕಾಯಿತು. ಖಾತೆ ಸಂಖ್ಯೆ ಮನೆಯದು, ಆಧಾರ್ ಮನುಷ್ಯನದು. ಬಾಡಿಗೆದಾರರು ರಾಜಾಜಿನಗರದ ಮನೆಯನ್ನು ಬಿಟ್ಟು ಕೆಂಗೇರಿಗೆ ಹೋದರೆ ಮನುಷ್ಯ ಹೋಗುತ್ತಾನೆ, ಮೀಟರು ಅಲ್ಲಿಯೇ ಉಳಿಯುತ್ತದೆ. ಹಳೆಯ ಜೋಡಣೆ ಬಿಡದೆ ಹೊಸದು ಆಗದು. ಹಳೆಯ ಜೋಡಣೆಯನ್ನು ಬಿಡಿಸುವ ಸೌಕರ್ಯವನ್ನು ೨೦೨೪ರಲ್ಲಿ ಒದಗಿಸಲಾಯಿತು. ಎರಡು ಬೇರೆ ವಸ್ತುಗಳ ಕುರುಹುಗಳನ್ನು ಜೋಡಿಸುವಾಗ ಬಿಡಿಸುವ ದಾರಿಯೂ ಇರಬೇಕೆಂಬುದು ಇದರಿಂದ ತಿಳಿದುಬರುತ್ತದೆ.

ನಮ್ಮ ಕಾಲೇಜಿನ ಲೆಕ್ಕಕ್ಕೂ ಈ ಮಾತು ಸಲ್ಲುತ್ತದೆ. ವಿದ್ಯಾರ್ಥಿಯ ಪ್ರವೇಶ ಸಂಖ್ಯೆಯನ್ನೇ ಕುರುಹಾಗಿ ಬಳಸಬಹುದಲ್ಲವೇ? ಸಾಲದು. ಅದೇ ವಿದ್ಯಾರ್ಥಿ ವರ್ಷದಲ್ಲಿ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ವಿದ್ಯಾರ್ಥಿನಿಲಯದ ಶುಲ್ಕ ಎಂದು ಮೂರು ಸಲ ಹಣ ಕಟ್ಟುತ್ತಾನೆ. ಕುರುಹು ಇರಬೇಕಾದದ್ದು ಬೇಡಿಕೆಗೆ. ಆ ಬೇಡಿಕೆ ಯಾವ ವಿದ್ಯಾರ್ಥಿಯದೆಂಬುದನ್ನು ಕಾಲೇಜಿನ ಪುಸ್ತಕವೇ ಹೇಳುತ್ತದೆ.

ಒಳ್ಳೆಯ ಕುರುಹಿನ ಲಕ್ಷಣಗಳು

ಮೊದಲನೆಯ ಲಕ್ಷಣ ಅನನ್ಯತೆ. ಒಂದರ ಹಾಗೆ ಇನ್ನೊಂದು ಇರಕೂಡದು. ೬೦೦ ಬೇಡಿಕೆಗಳಿಗೆ ೪ ಅಂಕಿಗಳ ಸಂಖ್ಯೆಗಳನ್ನು ಚೀಟಿಯೆತ್ತಿದಂತೆ ಮನಬಂದ ಹಾಗೆ ಕೊಟ್ಟರೆ ಸಾಕೇ? ಅಂಥ ಸಂಖ್ಯೆಗಳು ೧೦,೦೦೦ ಇವೆ. ೬೦೦ಕ್ಕೆ ಧಾರಾಳವಾಗಿ ಸಾಕೆಂದು ತೋರುತ್ತದೆ. ಲೆಕ್ಕ ಹಾಕಿ ನೋಡೋಣ. ೬೦೦ರಲ್ಲಿ ಎರಡೆರಡರ ಜೋಡಿಗಳು ೬೦೦ × ೫೯೯ ÷ ೨, ಎಂದರೆ ೧,೭೯,೭೦೦. ಯಾವುದೇ ಒಂದು ಜೋಡಿಗೆ ಒಂದೇ ಸಂಖ್ಯೆ ಬೀಳುವ ಸಂಭವ ೧೦,೦೦೦ಕ್ಕೆ ೧. ಆದ್ದರಿಂದ ಸರಾಸರಿ ೧೮ ಜೋಡಿಗಳಲ್ಲಿ ಘರ್ಷಣೆ! ಸುಮಾರು ೧೨೦ ಬೇಡಿಕೆಗಳಾಗುವ ವೇಳೆಗೇ ಒಂದಾದರೂ ಘರ್ಷಣೆಯಾಗುವ ಸಂಭವ ಅರ್ಧವನ್ನು ಮುಟ್ಟುತ್ತದೆ. ಇದನ್ನು ತಪ್ಪಿಸಲು ಒಂದೋ ಸಂಖ್ಯೆಗಳನ್ನು ಸರಣಿಯಲ್ಲಿ ಕೊಡಬೇಕು, ಇಲ್ಲವೇ ಬಹು ದೊಡ್ಡ ಸಂಖ್ಯೆಗಳನ್ನು ಬಳಸಬೇಕು. ಯು.ಯು.ಐ.ಡಿ. ಎಂಬ ೩೬ ಅಕ್ಷರಗಳ ಕುರುಹಿನ ಒಂದು ಬಗೆಯಲ್ಲಿ ೨ರ ೧೨೨ನೆಯ ಘಾತದಷ್ಟು, ಅಂದರೆ ಸುಮಾರಾಗಿ ೫ರ ಮುಂದೆ ೩೬ ಸೊನ್ನೆಗಳನ್ನಿಟ್ಟಷ್ಟು ಭಿನ್ನ ಕುರುಹುಗಳಿಗೆ ಅವಕಾಶವಿದೆ. ೪೦ ಅಕ್ಷರಗಳ ರಸೀತಿಯ ಅಂಕಣದಲ್ಲಿ ಅದು ಸುಖವಾಗಿ ಹಿಡಿಯುತ್ತದೆ.

ಎರಡನೆಯದು, ಮನುಷ್ಯರು ಕೈಯಿಂದ ಬರೆಯಬೇಕಾದ ಕುರುಹು ತನ್ನ ತಪ್ಪನ್ನು ತಾನೇ ತೋರಿಸಿಕೊಡಬೇಕು. ಹಾನ್ಸ್ ಪೀಟರ್ ಲೂನ್ ಎಂಬ ತಂತ್ರಜ್ಞರು ೧೯೬೦ರಲ್ಲಿ ಪೇಟೆಂಟ್ ಪಡೆದ ವಿಧಾನವನ್ನು ವಿದ್ಯಾರ್ಥಿಗಳು ಕಾಗದದ ಮೇಲೆಯೇ ಮಾಡಿನೋಡಬಹುದು. ೨೬೧೪೭ ಎಂಬ ಸಂಖ್ಯೆಯಿರಲಿ. ಬಲಗಡೆಯಿಂದ ಹೊರಟು ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಸಿ, ಎರಡಂಕಿ ಬಂದರೆ ಅವನ್ನು ಕೂಡಿರಿ. ೭ ಎಂಬುದು ೧೪ ಆಗಿ ೫ ಆಯಿತು, ೪ ಹಾಗೆಯೇ, ೧ ಎಂಬುದು ೨, ೬ ಹಾಗೆಯೇ, ೨ ಎಂಬುದು ೪. ಒಟ್ಟು ೨೧. ಇದನ್ನು ಮುಂದಿನ ಹತ್ತರ ಗುಣಕವಾದ ೩೦ಕ್ಕೆ ಮುಟ್ಟಿಸಲು ೯ ಬೇಕು. ಆ ೯ನ್ನು ಕೊನೆಗೆ ಸೇರಿಸಿದರೆ ೨೬೧೪೭೯. ಯಾರಾದರೂ ೧ ಮತ್ತು ೪ನ್ನು ಅದಲುಬದಲು ಮಾಡಿ ೨೬೪೧೭೯ ಎಂದು ಬರೆದರೆ ಮೊತ್ತ ೩೩ ಬರುತ್ತದೆ. ಹತ್ತರಿಂದ ಭಾಗವಾಗದ ಕಾರಣ ತಪ್ಪು ಕೂಡಲೆ ಬಯಲಾಗುತ್ತದೆ. ಒಂದು ಅಂಕಿ ತಪ್ಪಿದರೆ ಈ ವಿಧಾನ ಯಾವಾಗಲೂ ಹಿಡಿಯುತ್ತದೆ. ಪಕ್ಕದ ಅಂಕಿಗಳ ಅದಲುಬದಲಿನಲ್ಲಿ ೦ ಮತ್ತು ೯ರ ಜೋಡಿಯೊಂದು ಮಾತ್ರ ತಪ್ಪಿಸಿಕೊಳ್ಳುತ್ತದೆ. ಡಚ್ ಗಣಿತಜ್ಞ ವೆರ್‌ಹೂಫ್ ೧೯೬೯ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಆ ಲೋಪವೂ ಇಲ್ಲ. ನಮ್ಮ ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯನ್ನು ಆ ವಿಧಾನದಿಂದಲೇ ಪಡೆಯುತ್ತಾರೆ.

ಮೂರನೆಯದು, ಕುರುಹು ತನ್ನಷ್ಟಕ್ಕೆ ಯಾರ ಗುಟ್ಟನ್ನೂ ಹೇಳಬಾರದು. ಫೋನ್ ಸಂಖ್ಯೆಯನ್ನೋ ಆಧಾರ್ ಸಂಖ್ಯೆಯನ್ನೋ ಕುರುಹಾಗಿ ಬಳಸಿದರೆ ಅದು ಹಣದೊಡನೆ ಅನೇಕ ಗಣಕಗಳನ್ನು ಹಾದು, ಅನೇಕ ಪಟ್ಟಿಗಳಲ್ಲಿ ಉಳಿದುಬಿಡುತ್ತದೆ. ಇದಲ್ಲದೆ ಫೋನ್ ಸಂಖ್ಯೆ ಬದಲಾಗಬಹುದು. ಬದಲಾಗುವ ವಸ್ತು ಕುರುಹಾಗಲು ಯೋಗ್ಯವಲ್ಲ. ಕೋಟಿನ ಅಂಗಡಿಯವನು ಬಟ್ಟೆಗೆ ಕಟ್ಟುವ ಚೀಟಿಯ ಸಂಖ್ಯೆಯಂತೆ, ಹೊರಗಿನವರಿಗೆ ಅದು ಬರಿಯ ಸಂಖ್ಯೆಯಾಗಿರಬೇಕು. ಅದರ ಅರ್ಥ ಕೊಟ್ಟವನ ಪುಸ್ತಕದಲ್ಲಿ ಮಾತ್ರ ಇರಬೇಕು.

ತಾಳೆ ನೋಡುವುದು

ಇಷ್ಟಾದ ಮೇಲೆಯೂ ಕೆಲಸ ಮುಗಿಯಲಿಲ್ಲ. ಪಾವತಿ ಸಂಸ್ಥೆಯು ಬಂದ ಹಣವನ್ನು ಒಂದೊಂದಾಗಿ ಕಾಲೇಜಿನ ಬ್ಯಾಂಕಿಗೆ ಕಳುಹಿಸುವುದಿಲ್ಲ. ೪೦ ವಿದ್ಯಾರ್ಥಿಗಳು ಕಟ್ಟಿದ ೭,೪೦,೦೦೦ ರೂಪಾಯಿಯಲ್ಲಿ ತನ್ನ ಸೇವಾ ಶುಲ್ಕವನ್ನು ಮುರಿದುಕೊಂಡು ಉಳಿದದ್ದನ್ನು ಒಂದೇ ಗಂಟಾಗಿ ಜಮಾ ಮಾಡುತ್ತದೆ. ಆ ಗಂಟಿನೊಳಗೆ ಯಾರು ಯಾರ ಹಣವಿದೆಯೆಂಬುದನ್ನು ಬಿಡಿಸಿ ಹೇಳುವ ಪಟ್ಟಿ ಬೇರೆಯಾಗಿ ಬರುತ್ತದೆ. ಲೆಕ್ಕಿಗನು ಆ ಪಟ್ಟಿಯನ್ನೂ ತನ್ನ ಬೇಡಿಕೆಗಳ ಪಟ್ಟಿಯನ್ನೂ ಕುರುಹುಗಳ ಆಧಾರದಿಂದ ತಾಳೆ ನೋಡಬೇಕು.

ಗಣಸಿದ್ಧಾಂತವನ್ನು ಓದಿದವರಿಗೆ ಇದರ ಸ್ವರೂಪ ಸುಲಭವಾಗಿ ಹೊಳೆಯುತ್ತದೆ. ಎರಡು ಗಣಗಳಿಗೂ ಸಾಮಾನ್ಯವಾದ ಕುರುಹುಗಳು ಕಟ್ಟಿ ಮುಗಿದ ಬೇಡಿಕೆಗಳು. ಕಾಲೇಜಿನ ಗಣದಲ್ಲಿ ಮಾತ್ರ ಇರುವವು ಬಾಕಿಗಳು. ಪಾವತಿಯ ಗಣದಲ್ಲಿ ಮಾತ್ರ ಇರುವವು ದಿಕ್ಕಿಲ್ಲದ ಹಣ. ಅವನ್ನು ವಿಚಾರಣೆ ಮುಗಿಯುವವರೆಗೆ ಅನಾಮತ್ತು ಖಾತೆಯಲ್ಲಿಡುತ್ತಾರೆ. ಒಂದೇ ಕುರುಹಿನೆದುರು ಎರಡು ಪಾವತಿಗಳಿದ್ದರೆ ಒಂದನ್ನು ಹಿಂತಿರುಗಿಸಬೇಕು. ಒಟ್ಟು ಮೊತ್ತದಲ್ಲಿ ಅಡಗಿಕೊಂಡಿದ್ದ ಆ ಇಬ್ಬರು, ಎಂದರೆ ಎರಡು ಸಲ ಕಟ್ಟಿದವರೂ ಕಟ್ಟದೆ ಉಳಿದವರೂ, ಈಗ ಬೇರೆ ಬೇರೆ ಸಾಲುಗಳಲ್ಲಿ ಸ್ಪಷ್ಟವಾಗಿ ಕಾಣುತ್ತಾರೆ. ಮೊತ್ತ ತೋರಿಸದ ತಪ್ಪನ್ನು ಕುರುಹು ತೋರಿಸಿತು.

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಅಳತೆಗಳನ್ನು ಬರೆಯುವಾಗ ಯಾವ ತಂತಿ, ಯಾವ ಉದ್ದ, ಎಷ್ಟನೆಯ ಸಲ ಎಂಬುದನ್ನು ಮೊದಲು ಬರೆದು ಅನಂತರ ಅಳತೆಯನ್ನು ಬರೆಯಬೇಕೆಂದು ನಾವು ಒತ್ತಿ ಹೇಳುತ್ತೇವೆ. ಹೆಸರಿಲ್ಲದ ಅಳತೆ ಎಷ್ಟೇ ನಿಖರವಾಗಿದ್ದರೂ ನಿರುಪಯುಕ್ತ. ಹಣದ ವಿಷಯದಲ್ಲಿಯೂ ಇದೇ ಶಿಸ್ತು ಸಲ್ಲುತ್ತದೆ. ಮುಂದೆ ಗಣಕದ ಕ್ರಮವಿಧಿಗಳನ್ನು ಬರೆಯಲಿರುವ ವಿದ್ಯಾರ್ಥಿಗಳು ಮೊದಲು ಕುರುಹನ್ನು ತಮ್ಮ ಪುಸ್ತಕದಲ್ಲಿ ಬರೆದು, ಆಮೇಲೆ ಹಣವನ್ನು ಕೇಳುವ ಕ್ರಮವನ್ನು ಅಭ್ಯಾಸ ಮಾಡಿಕೊಳ್ಳಲಿ. ಹಣ ಕಟ್ಟುವವರು ಬ್ಯಾಂಕಿನ ೧೨ ಅಂಕಿಗಳ ಸಂಖ್ಯೆಯನ್ನೂ ಸಂಸ್ಥೆ ಕೊಟ್ಟ ಬೇಡಿಕೆಯ ಸಂಖ್ಯೆಯನ್ನೂ ಎರಡನ್ನೂ ಬರೆದಿಟ್ಟುಕೊಳ್ಳಲಿ. ಇಂದು ಸಂಜೆ ಮನೆಯ ವಿದ್ಯುತ್ ಬಿಲ್ಲನ್ನು ಕೈಗೆತ್ತಿಕೊಂಡು ಅದರಲ್ಲಿ ಎಷ್ಟು ಸಂಖ್ಯೆಗಳಿವೆ, ಯಾವುದು ಮನೆಯದು, ಯಾವುದು ಆ ತಿಂಗಳ ಬಿಲ್ಲಿನದು, ಹಣ ಕಟ್ಟಿದ ಮೇಲೆ ಬಂದದ್ದು ಯಾವುದು ಎಂದು ಬಿಡಿಸಿ ನೋಡಿದರೆ ಈ ಲೇಖನದ ವಿಷಯವೆಲ್ಲ ಒಂದೇ ಹಾಳೆಯಲ್ಲಿ ದೊರೆಯುತ್ತದೆ.